ಮೆಡಿಟರೇನಿಯನ್ ಅಂಗಳ, ಮಲೆನಾಡಿನ ಮಳೆ

ಮಾನ್ಯರೇ,

ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಸಣ್ಣ ನರ್ಸರಿ ಇದೆ. ಈಚೆಗೆ ಹೊಸ ಮನೆ, ಹೋಂಸ್ಟೇ ಕಟ್ಟಿದವರು ಬಂದರೆ ಮೊದಲು ಮೊಬೈಲ್ ತೆಗೆಯುತ್ತಾರೆ. ಅದರಲ್ಲಿ ಇಟಲಿಯದೋ ಗ್ರೀಸಿನದೋ ಒಂದು ಮನೆ. ಗುಡ್ಡದ ಓರೆಯಲ್ಲಿ ದೊಡ್ಡ ಅಂಗಳ, ಬಿಳಿ ಜಲ್ಲಿ, ಮಣ್ಣಿನ ಕುಂಡಗಳು, ಲ್ಯಾವೆಂಡರ್ ಸಾಲು, ಎರಡು ಆಲಿವ್ ಮರ. ‘ನಮ್ಮದೂ ಇಳಿಜಾರು ಜಾಗ, ಹೀಗೇ ಮಾಡಿಕೊಡಿ’ ಅನ್ನುತ್ತಾರೆ. ಕೇಳುವುದರಲ್ಲಿ ತಪ್ಪೇನಿಲ್ಲ, ನನಗೂ ಆ ತೋಟಗಳು ಇಷ್ಟ. ಆದರೆ ನಮ್ಮ ಜನ ಅಲ್ಲಿನ ಗಿಡ ತಂದು, ಇಳಿಜಾರಿನ ಮಣ್ಣು ಹಿಡಿದು ನಿಲ್ಲಿಸುವ ಅಲ್ಲಿನ ಕಲ್ಲುಗೋಡೆ ಬಿಟ್ಟುಬರುತ್ತಿದ್ದಾರೆ. ಆಗಬೇಕಾದದ್ದು ಇದರ ಉಲ್ಟಾ. ಅದಕ್ಕೇ ಈ ಪತ್ರ.

ಗಿಡದ ಮಾತು ಮೊದಲು ಮುಗಿಸುತ್ತೇನೆ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆ ಒಣ. ಕ್ಯಾಲಿಫೋರ್ನಿಯಾ, ಚಿಲಿಯ ನಡುಭಾಗ, ದಕ್ಷಿಣ ಆಫ್ರಿಕಾದ ಕೇಪ್ ಕಡೆಯೂ ಇದೇ ಕ್ರಮ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಚಳಿಗಾಲ ಒಣ. ಲ್ಯಾವೆಂಡರ್ ಮೇ ತಿಂಗಳಲ್ಲಿ ಚೆನ್ನಾಗಿಯೇ ಇರುತ್ತದೆ. ಪುನರ್ವಸು ಮಳೆ ಹಿಡಿಯಿತೋ, ಬುಡದ ಎಲೆಗಳು ಕಪ್ಪಾಗುತ್ತವೆ. ಒಳಗೆ ಕೈ ಹಾಕಿದರೆ ಲೋಳೆ ಲೋಳೆ. ಗಿಡ ಹಿಡಿದು ಮೆಲ್ಲಗೆ ಎಳೆದರೆ ಬೇರಿನ ಸಿಪ್ಪೆ ಮಣ್ಣಲ್ಲೇ ಉಳಿದು ಒಳಗಿನ ನಾರು ಮಾತ್ರ ಕೈಗೆ ಬರುತ್ತದೆ. ಮೇಲಾಗಿ ಅದಕ್ಕೆ ಸುಣ್ಣದಂಶ ಇರುವ ಮಣ್ಣು ಬೇಕು. ನಮ್ಮದು ಹುಳಿ ಮಣ್ಣು, ಕಾಫಿ ತೋಟಕ್ಕೆ ಸುಣ್ಣ ಹಾಕುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆಲಿವ್ ಗಿಡ ನೆಲ ಬಸಿಯುವಂತಿದ್ದರೆ ಬದುಕೀತು. ಆದರೆ ಹೂ ಬಿಡಲು ಗಟ್ಟಿ ಚಳಿ ಬೇಕು. ನಮ್ಮ ದೇಶದಲ್ಲಿ ಅದನ್ನು ದೊಡ್ಡದಾಗಿ ಬೆಳೆಯಲು ಹೊರಟದ್ದು ರಾಜಸ್ಥಾನ. ಅಲ್ಲಿನ ಹವೆ ಎಲ್ಲಿ, ನಮ್ಮ ಬಾಳೂರು, ಕೊಟ್ಟಿಗೆಹಾರದ ಹವೆ ಎಲ್ಲಿ? ಬೆಂಗಳೂರಿನಿಂದ ದಪ್ಪ ಕಾಂಡದ ಆಲಿವ್ ತರಿಸಿ ಮುಂಬಾಗಿಲಲ್ಲಿ ನಿಲ್ಲಿಸಿದವರು ಎಲೆ ನೋಡಿ ಖುಷಿಪಡಬೇಕು ಅಷ್ಟೇ.

ತಮಾಷೆ ಅಂದರೆ, ಆ ಫೋಟೋಗಳಲ್ಲಿರುವ ಎಷ್ಟೋ ಗಿಡ ನಮ್ಮ ಹಿತ್ತಲಲ್ಲೇ ಇವೆ. ಕಣಗಿಲೆ ಅಲ್ಲಿನ ಹಳ್ಳದ ದಂಡೆಗಳಲ್ಲಿ ತಾನಾಗಿ ಬೆಳೆಯುತ್ತದೆ. (ದನ ಸಾಕಿದವರು ಬೇಲಿಗೆ ಹಾಕಬೇಡಿ, ಬೇರಿಂದ ಹೂವಿನವರೆಗೂ ವಿಷ.) ಕಾಗದದ ಹೂ ದಕ್ಷಿಣ ಅಮೆರಿಕದ್ದು, ಅವರಿಗೂ ನೆಂಟ, ನಮಗೂ ನೆಂಟ. ಅವರ ಕುಂಡದ ನಿಂಬೆ ಏಷ್ಯಾದಿಂದಲೇ ಆ ಕಡೆ ಹೋದದ್ದು. ನಾವು ಹೇರಳೆ ಗಿಡ ಹಾಕಿದರೆ ಉಪ್ಪಿನಕಾಯಿಗೂ ಆಯಿತು, ಅಲ್ವಾ? ನೆಟ್ಟಗೆ ಬೆಳೆಯುವ ಸೈಪ್ರೆಸ್ ಜಾಗಕ್ಕೆ ಕಂಬದ ಅಶೋಕ ಸಾಕು. ನೇರಳೆ ಬಣ್ಣ ಬೇಕಿದ್ದರೆ ಮಳೆ ಬಿಟ್ಟ ಮೇಲೆ ಹೂ ಬಿಡುವ ಗೋರಟೆ ಇದೆ. ಕಡೂರು, ಅರಸೀಕೆರೆ ಕಡೆಯವರ ಲೆಕ್ಕ ಬೇರೆ. ಅಲ್ಲಿ ಮಳೆ ಕಡಿಮೆ. ದಾಳಿಂಬೆ, ಅಂಜೂರ, ರೋಸ್‌ಮೇರಿ ಧೈರ್ಯವಾಗಿ ಹಾಕಬಹುದು.

ಇನ್ನು ಗೋಡೆ. ಇಟಲಿಯ ಚಿಂಕ್ವೆ ತೆರ್ರೆಯಲ್ಲಿ ಗುಡ್ಡ ಸೀದಾ ಸಮುದ್ರಕ್ಕೆ ಇಳಿಯುತ್ತದೆ. ಅಂಥ ಕಡಿದಾದ ಜಾಗದಲ್ಲಿ ಸಿಮೆಂಟಿಲ್ಲದೆ ಕಲ್ಲು ಪೇರಿಸಿ, ಮೆಟ್ಟಿಲು ಮಾಡಿ, ದ್ರಾಕ್ಷಿ, ಆಲಿವ್ ಬೆಳೆದರು. 1997ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾಗೆ ಕಲ್ಲು ಕಟ್ಟುವ ಕಸುಬನ್ನೂ 2018ರಲ್ಲಿ ತನ್ನ ಇನ್ನೊಂದು ಪಟ್ಟಿಗೆ ತೆಗೆದುಕೊಂಡಿತು. ಬೇಸಾಯ ಬಿಟ್ಟು ಜನ ಹೋದ ಮೇಲೆ ಅಲ್ಲೂ ಗೋಡೆಗಳು ಪಾಳು ಬಿದ್ದವು. 2011ರ ಅಕ್ಟೋಬರ್‌ನಲ್ಲಿ ಜಡಿಮಳೆ ಬಂದಾಗ ಗುಡ್ಡದ ಮಣ್ಣು, ಕಲ್ಲು ಇಳಿದು ವೆರ್ನಾತ್ಸಾ, ಮೊಂಟೆರೊಸ್ಸೊ ಊರುಗಳ ಬೀದಿಗಳನ್ನೇ ಮುಚ್ಚಿತು.

ನಮ್ಮಲ್ಲಿ ಏನು ನಡೆಯುತ್ತಿದೆ? ಜೆಸಿಬಿ ಕರೆಸುವುದು, ಮೇಲಿನ ಮಣ್ಣು ಕೆತ್ತುವುದು, ಕೆಳಗೆ ತುಂಬುವುದು, ಸಪಾಟು ಮಾಡಿ ಲಾನ್ ಹಾಸುವುದು. ಮೇಲುಗಡೆ ಆಳೆತ್ತರಕ್ಕಿಂತ ಜಾಸ್ತಿ ನೆಟ್ಟಗಿನ ಧರೆ, ಕೆಳಗಡೆ ಸಡಿಲ ಮಣ್ಣು. ನನ್ನ ನರ್ಸರಿಯ ಹಿಂದಿನ ಗುಡ್ಡದಲ್ಲಿ ಹೀಗೆ ಮಾಡಿದ ಒಂದು ಅಂಗಳ ಕಳೆದ ಮಳೆಗಾಲದಲ್ಲಿ ಬಿಳಿ ಜಲ್ಲಿ ಸಮೇತ ನನ್ನ ಸಸಿ ಪಾತಿಗಳ ಮೇಲೆ ಬಂದು ಕೂತಿತು. ಕೆಲಸ ಮಾಡಿಸಿದ ಗುತ್ತಿಗೆದಾರರು ‘ಈ ಸಲ ಮಳೆ ಜಾಸ್ತಿ ಆಯ್ತು’ ಅಂದರು. ಮಲೆನಾಡಲ್ಲಿ ಮಳೆ ಜಾಸ್ತಿ ಆಗದೆ ಇನ್ನೆಲ್ಲಿ ಆಗಬೇಕು ಸ್ವಾಮಿ? 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಕುಸಿದು ಏನಾಯಿತು, 2024ರ ಜುಲೈನಲ್ಲಿ ಶಿರಾಡಿ ಘಾಟಿ ಎಷ್ಟು ಸಲ ಬಂದ್ ಆಯಿತು ಎಂದು ನಿಮ್ಮ ಓದುಗರಿಗೆ ಗೊತ್ತು. ಅಂಥ ದೊಡ್ಡ ಕುಸಿತವನ್ನು ಅಂಗಳದ ಜೊತೆ ಹೋಲಿಸುತ್ತಿಲ್ಲ. ಆದರೆ ನೀರು ಕುಡಿದ ಮಣ್ಣು ಭಾರವಾಗಿ ಜಾರುವ ರೀತಿ ಎರಡು ಕಡೆಯೂ ಒಂದೇ.

ಅರವತ್ತು ಅಡಿ ಉದ್ದದಲ್ಲಿ ಹನ್ನೆರಡು ಅಡಿ ಇಳಿಯುವ ಅಂಗಳ ಅಂತ ಇಟ್ಟುಕೊಳ್ಳಿ. ಹನ್ನೆರಡು ಅಡಿಯ ಒಂದು ಗೋಡೆ ಕಟ್ಟುವ ಬದಲು ಮೂರು ಅಡಿಯ ನಾಲ್ಕು ಕಟ್ಟಿಸಿ. ಗೋಡೆ ನೆಟ್ಟಗಿರಬಾರದು, ಅಡಿಗೆ ಎರಡು ಇಂಚು ಗುಡ್ಡದ ಕಡೆಗೆ ವಾಲಿರಬೇಕು. ಹಿಂದೆ ಒಂದಡಿ ಜಲ್ಲಿ ತುಂಬಿದರೆ ನೀರು ಅಲ್ಲೇ ಕೆಳಗಿಳಿಯುತ್ತದೆ. ಸಿಮೆಂಟ್ ಹಾಕಿದರೆ ನೀರು ಸೋರಲು ಪೈಪ್ ಬಿಡಲೇಬೇಕು. ಬಿಳಿ ಬಣ್ಣ ಹೊಡೆಯುವಾಗ ಚಂದ ಕಾಣಲ್ಲ ಅಂತ ಆ ಪೈಪ್‌ಗಳ ಬಾಯಿಗೆ ಗಾರೆ ಮೆತ್ತಿದ್ದನ್ನೂ ನೋಡಿದ್ದೇನೆ! ಅಂಗಳದ ತಲೆಯಲ್ಲಿ ಒಂದು ಅಡ್ಡ ಚರಂಡಿ ಇರಲಿ. ಉರುಟು ಬೆಣಚುಕಲ್ಲು ಬೇಡ, ಓರೆಯಲ್ಲಿ ಅದು ಉರುಳುತ್ತದೆ, ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಮೂಲೆ ಇರುವ ಮುಕ್ಕಾಲು ಇಂಚಿನ ಜಲ್ಲಿ ಒಂದನ್ನೊಂದು ಹಿಡಿದುಕೊಂಡು ಕೂರುತ್ತದೆ. ಪ್ರತಿ ಮೆಟ್ಟಿಲಿನ ಅಂಚಿಗೆ ಲಾವಂಚ ನೆಟ್ಟರೆ ಬೇರು ಪಕ್ಕಕ್ಕೆ ಹರಡದೆ ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ. ದೂರದಿಂದ ನೋಡಿದರೆ ಆ ಫೋಟೋದ ಹುಲ್ಲಿನ ಹಾಗೆಯೇ ಕಾಣುತ್ತದೆ ಕೂಡ.

ಇದೆಲ್ಲ ಹೊಸ ವಿದ್ಯೆಯಲ್ಲ. ಕಾಫಿ ಸಾಲುಗಳ ನಡುವೆ ಇಳಿಜಾರಿಗೆ ಅಡ್ಡಲಾಗಿ ತೊಟ್ಟಿಲು ಗುಂಡಿ ತೆಗೆಸುವ ಬೆಳೆಗಾರರಿಗೆ ನೀರನ್ನು ನಿಧಾನ ಮಾಡುವುದು ಚೆನ್ನಾಗಿ ಗೊತ್ತು. ತೋಟದಲ್ಲಿ ಇರುವ ಬುದ್ಧಿ ಮನೆ ಮುಂದೆ ಯಾಕೆ ಬರುವುದಿಲ್ಲವೋ!

ಸ್ಥಳೀಯ ಆಡಳಿತಕ್ಕೊಂದು ಮನವಿ. ಗುಡ್ಡದ ಮೇಲಿನ ಮನೆಯ ನಕ್ಷೆಗೆ ಒಪ್ಪಿಗೆ ಕೊಡುವಾಗ ಎಷ್ಟು ಮಣ್ಣು ಕಡಿಯುತ್ತಾರೆ, ಅಂಗಳದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಬರೆಸಿಕೊಳ್ಳಿ. ಈಗ ಅದು ಹೋಗುವುದು ರಸ್ತೆಗೆ, ಇಲ್ಲವೇ ಕೆಳಗಿನ ಮನೆಯವರ ಬಾವಿಗೆ.

ಕಲ್ಲಿನ ಕೆಲಸ ದೀಪಾವಳಿ ಕಳೆದ ಮೇಲೆ ಶುರುಮಾಡಿ ಏಪ್ರಿಲ್ ಒಳಗೆ ಮುಗಿಸಿ. ಮೇ ಕೊನೆಯಲ್ಲಿ ನೆಲ ನೆನೆದ ಕೂಡಲೇ ಲಾವಂಚ ನೆಡಿ. ಲ್ಯಾವೆಂಡರ್ ಬೇಕೇ ಬೇಕು ಅನ್ನುವವರು ಕುಂಡದಲ್ಲಿ ಒಯ್ಯಿರಿ, ಮಳೆ ಹಿಡಿದಾಗ ಸೂರಿನಡಿ ಇಡಿ. ಆಮೇಲೂ ಸತ್ತರೆ ನನ್ನ ಹತ್ತಿರ ಜಗಳಕ್ಕೆ ಬರಬೇಡಿ.

– ಒಬ್ಬ ನರ್ಸರಿಯವ, ಚಿಕ್ಕಮಗಳೂರು