ಇಮ್ಯಾಕ್ಸ್‌ನಲ್ಲಿ ವರ್ಕ್‌ಸ್ಪೇಸ್ ಸೇವ್ ಆಗದಿದ್ದರೆ

ಎಲ್ಲರಿಗೂ ನಮಸ್ಕಾರ. ಇಮ್ಯಾಕ್ಸ್ ಎಂಬ ಪಠ್ಯ ಸಂಪಾದಕದಲ್ಲಿ ವರ್ಕ್‌ಸ್ಪೇಸ್ (ತೆರೆದಿಟ್ಟ ಫೈಲ್‌ಗಳು, ಅವುಗಳ ಜೋಡಣೆ) ಸೇವ್ ಮಾಡುವಾಗ ಎರರ್ ಬಂದರೆ ಸುಮ್ನೆ ಸ್ಕ್ರೀನ್‌ಶಾಟ್ ಹಾಕಬೇಡಿ, ಅದರಿಂದ ಕಾರಣ ತಿಳಿಯೋದು ಕಷ್ಟ. ಮೊದಲು ಟಾಗಲ್-ಡೀಬಗ್-ಆನ್-ಎರರ್ ಕಮಾಂಡ್ ಕೊಟ್ಟು ಮತ್ತೆ ಸೇವ್ ಮಾಡಿ. ಆಗ ಬರುವ ಬ್ಯಾಕ್‌ಟ್ರೇಸ್ (ಎರರ್ ಎಲ್ಲಿಂದ ಬಂತು ಅಂತ ತೋರಿಸುವ ಪಟ್ಟಿ) ಅನ್ನು ಪೂರ್ತಿ ಕಳಿಸಿ.

ಜಾಸ್ತಿ ತಕರಾರು ಮಾಡೋದು ಯಾವುದೋ ಒಂದು ಬಫರ್, ಅಂದರೆ ಇಮ್ಯಾಕ್ಸ್ ಒಳಗೆ ತೆರೆದಿರುವ ಫೈಲ್, ಟರ್ಮಿನಲ್ ಇತ್ಯಾದಿಗಳಲ್ಲಿ ಒಂದು. ವರ್ಕ್‌ಸ್ಪೇಸ್ ಉಳಿಯೋದು ಬರೀ ಪಠ್ಯವಾಗಿ, ಅಲ್ವಾ? ಓಡುತ್ತಿರುವ ಪ್ರೊಸೆಸ್, ವಿಂಡೋ ಇಂಥವನ್ನು ಹಾಗೆ ಬರೆದಿಡಲು ಆಗುವುದಿಲ್ಲ. ತಪ್ಪಿ ಫೈಲ್‌ಗೆ ಸೇರಿದರೆ, ತಿರುಗಿ ತೆರೆಯುವಾಗ 'ಇನ್‌ವ್ಯಾಲಿಡ್ ರೀಡ್ ಸಿಂಟ್ಯಾಕ್ಸ್' ಅನ್ನುತ್ತದೆ. ಟರ್ಮಿನಲ್ ಬಫರ್‌ಗಳನ್ನು ಮೊದಲು ಮುಚ್ಚಿ ನೋಡಿ. ಆಗಲೂ ಸರಿಹೋಗದಿದ್ದರೆ ಉಳಿದವುಗಳಲ್ಲಿ ಅರ್ಧ ಮುಚ್ಚಿ ಸೇವ್ ಮಾಡಿ, ಮತ್ತೆ ಅರ್ಧ. ಕಳ್ಳ ಬೇಗ ಸಿಗುತ್ತಾನೆ.

ಡೆಸ್ಕ್‌ಟಾಪ್-ಸೇವ್-ಮೋಡ್ (ವರ್ಕ್‌ಸ್ಪೇಸ್ ಉಳಿಸಲು ಇಮ್ಯಾಕ್ಸ್‌ನಲ್ಲೇ ಇರುವ ಸೌಲಭ್ಯ) ಬಳಸುವವರು ಗಮನಿಸಿ: ಇಮ್ಯಾಕ್ಸ್ ಕ್ರ್ಯಾಶ್ ಆದರೆ ಲಾಕ್ ಫೈಲ್ (ಈ ವರ್ಕ್‌ಸ್ಪೇಸ್ ಬಳಕೆಯಲ್ಲಿದೆ ಅಂತ ಗುರುತಿಸುವ ಫೈಲ್) ಹಾಗೇ ಉಳಿಯುತ್ತದೆ. ಬೇರೆ ಇಮ್ಯಾಕ್ಸ್ ಓಡುತ್ತಿಲ್ಲ ಅಂತ ಖಚಿತ ಮಾಡಿಕೊಂಡೇ ಅದನ್ನು ಅಳಿಸಿ. ಫೋಲ್ಡರ್‌ಗೆ ಬರೆಯುವ ಅನುಮತಿ ಇದೆಯಾ, ಡಿಸ್ಕ್‌ನಲ್ಲಿ ಜಾಗ ಇದೆಯಾ ಅಂತಲೂ ನೋಡಿ.

ಇಡೀ ಕಾನ್ಫಿಗ್ (ಇಮ್ಯಾಕ್ಸ್ ಸೆಟ್ಟಿಂಗ್‌ಗಳು) ಅಳಿಸಿ ಹೊಸದಾಗಿ ಶುರು ಮಾಡಿ ಅನ್ನುವ ಸಲಹೆ ದಯವಿಟ್ಟು ಯಾರೂ ಕೊಡಬೇಡಿ. ಬ್ಯಾಕ್‌ಟ್ರೇಸ್ ಜೊತೆ ಇಮ್ಯಾಕ್ಸ್ ಆವೃತ್ತಿ, ವರ್ಕ್‌ಸ್ಪೇಸ್ ಪ್ಯಾಕೇಜಿನ ಹೆಸರು ಬರೆಯಿರಿ.