ನಿಧನ ವಾರ್ತೆಯಲ್ಲಿ ಬಿಟ್ಟುಹೋದ ಮೀನಿನಂಗಡಿ

ಕಳೆದ ತಿಂಗಳು ಮಡಿಕೇರಿಯಿಂದ ಅಕ್ಕ ಪತ್ರಿಕೆಯೊಂದರ ನಿಧನ ವಾರ್ತೆಯನ್ನು ಕತ್ತರಿಸಿ ಕಳುಹಿಸಿದ್ದಳು. ಕಂದಾಯ ಇಲಾಖೆಯ ನಿವೃತ್ತ ನೌಕರರಾಗಿದ್ದ ಇವರು ಪತ್ನಿ, ಇಬ್ಬರು ಪುತ್ರರು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ ಎಂದು ಎಂಟು ಸಾಲುಗಳಲ್ಲಿ ಮುಗಿದುಹೋಗಿದ್ದ ಆ ವಾರ್ತೆಯಲ್ಲಿ, ನಿವೃತ್ತಿಯ ನಂತರ ಅವರು ಕೊನೆಯವರೆಗೂ ನಡೆಸಿದ ಮೀನಿನಂಗಡಿಯ ಬಗ್ಗೆ ಒಂದಕ್ಷರವೂ ಇರಲಿಲ್ಲ. ಅದು ಮರೆತು ಬಿಟ್ಟದ್ದಲ್ಲ, ಬೇಡವೆಂದೇ ಬಿಟ್ಟದ್ದು ಎಂದು ಅಕ್ಕ ಹೇಳಿದಳು. ಆ ಬಿಟ್ಟ ಮಾತನ್ನು ಬರೆಯಲೆಂದೇ ಈ ಸಂಚಿಕೆಯ ಸಂಪಾದಕೀಯವನ್ನು ಮೀಸಲಿಟ್ಟಿದ್ದೇನೆ. ಮನೆಯವರ ಮನಸ್ಸನ್ನು ಗೌರವಿಸಿ ಅವರ ಹೆಸರನ್ನು ಹೇಳುವುದಿಲ್ಲ. ನಮ್ಮ ಕೇರಿಯವರೆಲ್ಲ ಕರೆಯುತ್ತಿದ್ದಂತೆ ರೆಕಾರ್ಡು ಮಾವ ಎಂದೇ ಕರೆಯುತ್ತೇನೆ.

ಜಿಲ್ಲಾ ಕಚೇರಿಯು ಕೋಟೆಯೊಳಗಿನ ಹಳೆಯ ಅರಮನೆಯಲ್ಲಿದ್ದ ಕಾಲದಲ್ಲಿ ಅವರು ಅಲ್ಲಿಯ ರೆಕಾರ್ಡು ಕೋಣೆಯ ಗುಮಾಸ್ತರಾಗಿದ್ದರು. ಕೊಡಗಿನ ಭೂದಾಖಲೆಗಳ ತೊಡಕನ್ನು ನಮ್ಮ ಓದುಗರಲ್ಲಿ ಅನೇಕರು ಸ್ವತಃ ಅನುಭವಿಸಿರುತ್ತಾರೆ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಗದ್ದೆ, ಅದಕ್ಕೆ ಸೇರಿದ ಬಾಣೆ ಎಂಬ ಕಾಡುಜಾಗ, ಎಂದೋ ತೀರಿಕೊಂಡ ಪಟ್ಟೆದಾರನ, ಅಂದರೆ ಮನೆತನದ ಯಜಮಾನನ ಹೆಸರಿನಲ್ಲೇ ಉಳಿದಿರುವ ಪಹಣಿ, ಒಂದೇ ಸರ್ವೆ ನಂಬರಿನಲ್ಲಿ ಒಕ್ಕ ಎಂಬ ಮನೆತನದ ಹತ್ತಾರು ಮಂದಿಯ ಹಕ್ಕು, ಇವನ್ನೆಲ್ಲ ಬಿಡಿಸಿ ನೋಡಬೇಕಾದರೆ 1956ಕ್ಕೆ ಮೊದಲು ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗಿನ ಪುಸ್ತಕಗಳನ್ನೂ ಅದಕ್ಕೂ ಹಿಂದಿನವನ್ನೂ ತೆರೆಯಬೇಕಾಗುತ್ತಿತ್ತು. ಆ ಪುಸ್ತಕಗಳಿಗೆ ಮಡಿಕೇರಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಕಾಯುವುದೇ ಒಂದು ಕೆಲಸ. ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಏರಿ, ಕೈಬರಹದ ಪಹಣಿಗೆ ಬೆಲೆಯಿಲ್ಲದಂತಾದ ಮೇಲೂ, ಹೆಸರು ತಪ್ಪಾಗಿದೆ, ವಿಸ್ತೀರ್ಣ ಕಡಿಮೆಯಾಗಿದೆ ಎಂದು ಬಂದವರಿಗೆ ಮೂಲ ಪುಸ್ತಕದ ಪುಟವನ್ನು ಹುಡುಕಿ ತೋರಿಸುತ್ತಿದ್ದವರು ಅವರೇ. ನಾನು ವಿದೇಶಕ್ಕೆ ಹೊರಟಾಗ ಬೇಕಾದ ಹಳೆಯ ಕಾಗದವೊಂದನ್ನು ಅರ್ಧ ದಿನ ಏಣಿಯ ಮೇಲೆ ನಿಂತು ಹುಡುಕಿಕೊಟ್ಟು, ಒಂದು ಲೋಟ ಕಾಫಿಗೂ ಒಪ್ಪದೆ ಕಳುಹಿಸಿದವರು.

ನಿವೃತ್ತರಾದ ಮರುತಿಂಗಳೇ ಮಾರುಕಟ್ಟೆಯ ಹತ್ತಿರ ಅವರು ಮೀನಿನಂಗಡಿ ತೆರೆದಾಗ ಊರಿಗೆ ಊರೇ ಅಚ್ಚರಿಪಟ್ಟಿತು. ಪಿಂಚಣಿ ಬರುವ ಮನುಷ್ಯನಿಗೆ ಈ ಕೆಲಸವೇಕೆ ಎಂದು ಮನೆಯವರೇ ಮುನಿಸಿಕೊಂಡಿದ್ದರಂತೆ. ಅವರ ಕಾರಣ ಸರಳವಾಗಿತ್ತು. ತಾಯಿಯ ತವರು ಕರಾವಳಿಯಲ್ಲಿದ್ದುದರಿಂದ ಬಾಲ್ಯದಲ್ಲಿ ತಾಜಾ ಮೀನು ತಿಂದಿದ್ದ ಅವರಿಗೆ, ಕಡಲಿಲ್ಲದ ನಮ್ಮ ಜಿಲ್ಲೆಯಲ್ಲಿ ಎಂದಿನ ಮೀನು ಎಂದು ಕೇಳಿದರೆ ಯಾರೂ ಸರಿಯಾಗಿ ಉತ್ತರಿಸುವುದಿಲ್ಲ ಎಂಬ ಬೇಸರವಿತ್ತು. ಮಂಗಳೂರಿನ ಧಕ್ಕೆಯಲ್ಲಿ ನಸುಕಿನಲ್ಲಿ ಹರಾಜಾದ ಮೀನು ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ಪುತ್ತೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿ ಬರುತ್ತದೆ. ದಾರಿಯಲ್ಲಿ ತಡವಾದರೆ ಎಣ್ಣೆಯಂಶ ಹೆಚ್ಚಿರುವ ಬೂತಾಯಿ ಎಲ್ಲಕ್ಕಿಂತ ಮೊದಲು ಕೆಡುತ್ತದೆ. ರೆಕಾರ್ಡು ಮಾವ ಪ್ರತಿ ಪೆಟ್ಟಿಗೆಯಿಂದಲೂ ಮೀನು ಎತ್ತಿ ಕಿವಿರು ಕೆಂಪಗಿದೆಯೇ, ಕಣ್ಣು ಒಳಸರಿದಿದೆಯೇ, ಒತ್ತಿದ ಬೆರಳಿನ ಗುರುತು ಉಳಿಯುತ್ತದೆಯೇ ಎಂದು ನೋಡಿದ ಮೇಲೆ, ಬಾಗಿಲಿನ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಕಲಂ ಎಳೆದು ಬರೆಯುತ್ತಿದ್ದರು: ಮೀನಿನ ಹೆಸರು, ಬಂದ ಊರು, ಬಂದ ದಿನ, ದರ. ಬಂಗುಡೆ ಉಳಿದಿದ್ದರೆ ಮರುದಿನ ಅದರ ಮುಂದೆ ‘ನಿನ್ನೆಯದು’ ಎಂದು ಅದೇ ದುಂಡಗಿನ ಕಚೇರಿ ಅಕ್ಷರದಲ್ಲಿ ಬರೆದು ಅರ್ಧ ಬೆಲೆಗೆ ಕೊಡುತ್ತಿದ್ದರು. ಆ ಒಂದು ಪದವನ್ನು ಬರೆಯುವ ಅಂಗಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ, ಈ ದೇಶದಲ್ಲಿಯೂ ಕಂಡಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನ, ಅವರ ಹಲಗೆಯ ಮೇಲೆ ಒಣಮೀನು ಮತ್ತು ಕೆರೆಮೀನು ಮಾತ್ರ ಇರುತ್ತಿದ್ದವು. ಜಡಿಮಳೆಯಲ್ಲಿ ಕಾಚಂಪುಳಿ ಎಂಬ ಹುಳಿರಸ ಹಾಕಿದ ಮೀನುಸಾರಿಗೆ ಹಂಬಲಿಸಿ ಬಂದವರನ್ನು ಆಗಸ್ಟ್‌ನಲ್ಲಿ ಬನ್ನಿ ಎಂದು ಹಿಂದಕ್ಕೆ ಕಳುಹಿಸುತ್ತಿದ್ದರು.

ಒಂದು ತಪ್ಪನ್ನು ನಾನು ಒಪ್ಪಿಕೊಳ್ಳಬೇಕು. ಅವರು ಅಂಗಡಿ ತೆರೆದ ಹೊಸತರಲ್ಲಿ ರಜೆಗೆ ಊರಿಗೆ ಹೋಗಿದ್ದ ನಾನು, ಇಲ್ಲಿಂದ ಜೊತೆಗೆ ಬಂದಿದ್ದ ಸ್ನೇಹಿತರ ಮುಂದೆ ಅವರನ್ನು ಮಾತನಾಡಿಸಲು ನಾಚಿ, ಕಾಣದವನಂತೆ ರಸ್ತೆಯ ಆಚೆ ಬದಿಯಲ್ಲಿ ನಡೆದುಹೋದೆ. ಸಂಜೆ ಅವರೇ ಮನೆಗೆ ಬಂದು, ‘ದೊಡ್ಡ ಮಗ ಬಂದಿದ್ದಾನೆಂದು ತಿಳಿಯಿತು’ ಎಂದು ಅಮ್ಮನ ಕೈಗೆ ಎರಡು ಕಾಣೆ ಮೀನು ಕೊಟ್ಟು ಹೋದರು. ನಾನು ಒಳಕೋಣೆಯಿಂದ ಹೊರಗೆ ಬರಲಿಲ್ಲ.

2018ರ ವರ್ಷ ಅವರ ಅಂಗಡಿಗೆ ಬಹಳ ಕೆಟ್ಟದಾಗಿತ್ತು. ಆ ಜೂನ್‌ನಲ್ಲಿ ಕೇರಳದ ತಪಾಸಣಾ ಠಾಣೆಗಳಲ್ಲಿ ಫಾರ್ಮಾಲಿನ್ ಬೆರೆತ ಮೀನು ಸಿಕ್ಕಿದ ಸುದ್ದಿ ಹರಡಿ ಜನ ಮೀನು ಕೊಳ್ಳಲು ಹೆದರಿದರು; ಅದೇ ತಿಂಗಳು ಕೇರಳದ ಕಡೆಗೆ ಹೋಗುವ ಮಾಕುಟ್ಟದ ರಸ್ತೆ ಕುಸಿಯಿತು. ಆಗಸ್ಟ್‌ನಲ್ಲಿ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿದ ಹೊತ್ತಿಗೆ ಜೋಡುಪಾಲ, ಮದೆನಾಡು, ಮಕ್ಕಂದೂರು, ಮುಕ್ಕೋಡ್ಲು ಕಡೆಯ ಬೆಟ್ಟಗಳೇ ಜಾರಿಬಂದವು. ಮಂಗಳೂರಿನ ಹೆದ್ದಾರಿ ತುಂಡಾಯಿತು. ರೆಕಾರ್ಡು ಮಾವ ಅಂಗಡಿಗೆ ಬೀಗ ಹಾಕಿ, ಉದ್ದರಿ ಬರೆಯುವ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ನಿರಾಶ್ರಿತರ ಶಿಬಿರಕ್ಕೆ ಹೋಗಿ ಕುಳಿತರು. ಮನೆ, ಗದ್ದೆ, ತೋಟಗಳ ಜೊತೆಗೆ ಪಡಿತರ ಚೀಟಿ, ಪಹಣಿ, ಮಕ್ಕಳ ಅಂಕಪಟ್ಟಿಗಳನ್ನೂ ಮಣ್ಣಿಗೆ ಕೊಟ್ಟು ಬಂದಿದ್ದ ಜನರಿಗೆ ತಮ್ಮ ಸರ್ವೆ ನಂಬರು ನೆನಪಿರಲಿಲ್ಲ, ಎಷ್ಟೋ ಸಲ ರೆಕಾರ್ಡು ಮಾವನಿಗೆ ನೆನಪಿತ್ತು. ಬೆಟ್ಟವೇ ಇಲ್ಲದಾದ ಕಡೆ ಗದ್ದೆಯ ಎಲ್ಲೆ ಎಲ್ಲಿತ್ತು ಎಂದು ಹೊಳೆ, ದೇವರಕಾಡು, ಪಕ್ಕದ ಬಾಣೆಗಳ ಗುರುತು ಕೇಳಿ ಕೇಳಿ ಅರ್ಜಿ ಬರೆದುಕೊಡುತ್ತಿದ್ದರು. ಅಕ್ಕನೂ ಅಲ್ಲಿ ಅಡುಗೆಗೆ ನೆರವಾಗಲು ಹೋಗುತ್ತಿದ್ದುದರಿಂದ ಇದನ್ನೆಲ್ಲ ಕಣ್ಣಾರೆ ಕಂಡವಳು. ಅವರ ಅಂಗಿಗೆ ಆಗಲೂ ಮೀನಿನ ವಾಸನೆಯಿತ್ತು, ಯಾರೂ ದೂರ ಸರಿಯಲಿಲ್ಲ ಎಂದು ಅವಳು ಹೇಳುತ್ತಾಳೆ. ಆ ಕುಟುಂಬಗಳಲ್ಲಿ ಅನೇಕರಿಗೆ ಮುಂದೆ ಕರ್ಣಂಗೇರಿ, ಜಂಬೂರು, ಮದೆನಾಡಿನಲ್ಲಿ ಮನೆಗಳು ಸಿಕ್ಕವು.

ಆ ಉದ್ದರಿ ಪುಸ್ತಕ ಈಗ ಅವರ ಹಿರಿಯ ಮಗನ ಬಳಿಯಿದೆ. ಮುಂದಿನ ಪುಟಗಳಲ್ಲಿ ಬಂಗುಡೆ, ಸಿಗಡಿಗಳ ಬಾಕಿ. ಹಿಂದಿನಿಂದ ತಿರುಗಿಸಿದರೆ ಶಿಬಿರದ ಕುಟುಂಬಗಳ ಹೆಸರು, ಅರ್ಜಿಯ ಸಂಖ್ಯೆ, ಕೊಟ್ಟ ದಿನಾಂಕ, ಕೆಲಸವಾದ ಮೇಲೆ ಎಳೆದ ಕೆಂಪು ಗೀಟು. ಇಷ್ಟು ವರ್ಷಗಳ ನಂತರವೂ ಮೂರು ಹೆಸರುಗಳ ಮೇಲೆ ಗೀಟು ಬಿದ್ದಿಲ್ಲ. ಆ ಮೂರು ಅರ್ಜಿಗಳು ಎಲ್ಲಿವೆಯೆಂದು ವಿಚಾರಿಸಲು ಅಕ್ಕ ಮತ್ತು ಆ ಮಗ ಬರುವ ಸೋಮವಾರ ಕಚೇರಿಗೆ ಹೋಗುವವರಿದ್ದಾರೆ.