ಪಾರ್ಕಿಗೆ ಬೀಗ: ಬಿರುಸಿನ ನಡಿಗೆ ಎಲ್ಲಿ ಮಾಡಬೇಕು?

ಮಾನ್ಯರೇ,

ಕಾಮಗಾರಿಯೆಂದು ಪಾರ್ಕಿಗೆ ಬೀಗ ಬಿದ್ದಿದ್ದರಿಂದ ರಸ್ತೆಯಲ್ಲಿ ವಾಕಿಂಗ್ ಹೋದ ಮಹಿಳೆ ಜಾರಿ ಬಿದ್ದ ವರದಿ ನಿನ್ನೆ ಪ್ರಕಟವಾಗಿದೆ. ಅದಕ್ಕಿಂತ ಸಿಟ್ಟು ತರಿಸಿದ್ದು ಅಧಿಕಾರಿಗಳ ಉತ್ತರ. ಹೆಂಗಸರು ಮನೆಯಂಗಳದಲ್ಲೇ ನಿಧಾನ ನಡೆಯಲಿ, ನಡಿಗೆ ಎಲ್ಲಾದರೂ ಒಂದೇ ಅಂತೆ!

ಒಂದೇ ಅಲ್ಲ. ಊಟದ ನಂತರ ನಿಧಾನ ನಡೆದರೂ ರಕ್ತದ ಸಕ್ಕರೆ ಕೊಂಚ ಇಳಿಯುತ್ತದೆ, ನಿಜ. ಆದರೆ ನಿಮಿಷಕ್ಕೆ 100 ಹೆಜ್ಜೆಯಾದರೂ ಬಿದ್ದರೆ ಮಾತ್ರ ಅದು ಮಧ್ಯಮ ವ್ಯಾಯಾಮ; ಮಾತಾಡಬಹುದು, ಹಾಡಲಿಕ್ಕೆ ಉಸಿರು ಸಾಲದು. ಸ್ನಾಯು ದುಡಿಯುವಾಗ ಅದರೊಳಗಿನ ಗ್ಲೂಟ್-4 ಪ್ರೋಟೀನು ಜೀವಕೋಶದ ಅಂಚಿಗೆ ಬಂದು, ಇನ್ಸುಲಿನ್‌ಗೆ ಕಾಯದೆ ಸಕ್ಕರೆಯನ್ನು ಒಳಗೆಳೆಯುತ್ತದೆ. ವೇಗ ಹೆಚ್ಚಿದಷ್ಟೂ ಸ್ನಾಯು ಕೂಡಿಟ್ಟ ಸಕ್ಕರೆಯ, ಅಂದರೆ ಗ್ಲೈಕೋಜನ್‌ನ, ದಾಸ್ತಾನು ಬೇಗ ಕರಗುತ್ತದೆ. ಅದನ್ನು ತುಂಬಿಕೊಳ್ಳಬೇಕಲ್ಲ, ಹಾಗಾಗಿ ಮುಂದಿನ 24ರಿಂದ 48 ಗಂಟೆ ಸ್ನಾಯು ಇನ್ಸುಲಿನ್‌ಗೆ ಚೆನ್ನಾಗಿ ಸ್ಪಂದಿಸುತ್ತದೆ. ಆಮೇಲೆ ಆ ಲಾಭ ಇಳಿಯುತ್ತದೆ. ಸತತ ಎರಡು ದಿನಕ್ಕಿಂತ ಹೆಚ್ಚು ವ್ಯಾಯಾಮ ಬಿಡಬೇಡಿ ಎಂದು ಮಧುಮೇಹಿಗಳಿಗೆ ಹೇಳುವುದು ಅದಕ್ಕೇ. ಇಲ್ಲಿ ಬೀಗ ಬಿದ್ದು ವಾರಗಳೇ ಕಳೆದವು.

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನು ಇಳಿದು ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಇನ್ಸುಲಿನ್‌ನ ಕೆಲಸ ಕುಂದುತ್ತದೆ. ಪಿಸಿಒಎಸ್ (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಇರುವ ಹುಡುಗಿಯರಿಗೆ ತೂಕ ಇಳಿಯದಿದ್ದರೂ ಬಿರುಸಿನ ವ್ಯಾಯಾಮದಿಂದ ಲಾಭವಿದೆ. ನಡಿಗೆಯ ಒಂದು ಕ್ರಮ ಹೀಗಿದೆ: 3 ನಿಮಿಷ ಬಿರುಸು, 3 ನಿಮಿಷ ನಿಧಾನ, ಹೀಗೆ 5 ಸಲ. ಇದಕ್ಕೆ ಸಮತಟ್ಟಾದ, ಅಡೆತಡೆ ಇಲ್ಲದ ನೆಲ ಬೇಕು. ಬಾವುಟಗುಡ್ಡೆಯ ಏರಿನಲ್ಲಿ ಬಸ್ಸುಗಳ ಹಾರ್ನಿನ ನಡುವೆ ಮಾಡಲಾಗುತ್ತದೆಯೇ? ಚರಂಡಿಯ ಚಪ್ಪಡಿ ಎದ್ದು ನಿಂತಿದೆ, ಟೈಲ್ಸಿನ ಮೇಲೆ ಪಾಚಿ. ಹೆಜ್ಜೆಹೆಜ್ಜೆಗೂ ನೆಲ ನೋಡುತ್ತಾ ನಡೆದರೆ ವೇಗ ಎಲ್ಲಿಂದ ಬರಬೇಕು? ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರಾ ಇಳಿದು ಕೈಕಾಲು ನಡುಗಿದರೆ, ಮೂರು ಚಮಚ ಸಕ್ಕರೆ ಬಾಯಿಗೆ ಹಾಕಿ 15 ನಿಮಿಷ ಕೂರಲು ಪಾರ್ಕಿನಲ್ಲಿ ಕಲ್ಲುಬೆಂಚಾದರೂ ಇತ್ತು.

ಚಪ್ಪಡಿಗೆ ಅರ್ಜಿ ಕೊಟ್ಟದ್ದು ಕಳೆದ ಮಳೆಗಾಲಕ್ಕೂ ಮೊದಲು, ಬೀದಿದೀಪದ ಅರ್ಜಿ ಅದಕ್ಕೂ ಹಳೆಯದು. ಅಧಿಕಾರಿ ವರ್ಗವಾದಾಗಲೆಲ್ಲ ಮತ್ತೆ ಹೊಸ ಅರ್ಜಿ ಕೊಡಿ ಎನ್ನುತ್ತಾರೆ.

ಕೂಡಲೇ ಬೀಗ ತೆಗೆಸಿ, ಇಲ್ಲವೇ ಬೆಳಗ್ಗೆ ಎಂಟರವರೆಗೆ ಯಾವುದಾದರೂ ಶಾಲಾ ಮೈದಾನ ಬಿಡಿಸಿಕೊಡಿ. ಚಪ್ಪಡಿಯೂ ಸರಿಯಾಗಲಿ. ಕಾಮಗಾರಿಯ ಫಲಕದಲ್ಲಿ ಮುಗಿಯುವ ದಿನಾಂಕವನ್ನೇ ಬರೆಯದವರು ಹೆಂಗಸರ ಆರೋಗ್ಯದ ಬಗ್ಗೆ ಉಪದೇಶ ಮಾಡುವುದನ್ನು ಮೊದಲು ನಿಲ್ಲಿಸಲಿ.

– ಬೆಳಗ್ಗಿನ ವಾಕಿಂಗಿನ ಮಹಿಳೆಯರು, ಮಂಗಳೂರು